ಸಂತೆ ಕ್ಯಾಂಪ್ಡನ್‌ಗೆ ಕಾಲುದಾರಿ

ಎದೆಮಟ್ಟ ಬೆಳೆದು ಹೂಬಿಟ್ಟ ಹೊಲ. ನಮ್ಮ ಸಾಸಿವೆಯ ದಾಯಾದಿ ರೇಪ್‌ಸೀಡ್. ಕಣ್ಣು ಕೋರೈಸುವ ಹಳದಿ. ಅದರ ನಟ್ಟನಡುವೆ, ಒಬ್ಬರ ಹಿಂದೆ ಒಬ್ಬರು ನಡೆಯುವಷ್ಟು ಅಗಲದ ಬರಿನೆಲದ ಪಟ್ಟಿಯೊಂದು ಈ ಬೇಲಿಯಿಂದ ಆ ಬೇಲಿಗೆ ಹೋಗುತ್ತದೆ. ಬದುವಿನ ಮೇಲಲ್ಲ, ಅಂಚಿನಲ್ಲೂ ಅಲ್ಲ. ಬೈತಲೆ ತೆಗೆದ ಹಾಗೆ ಹೊಲವನ್ನೇ ಎರಡು ಪಾಲು ಮಾಡಿಕೊಂಡು. ಬಗ್ಗಿ ನೋಡಿದೆ. ಪಟ್ಟಿಯ ಮಣ್ಣಿನಲ್ಲಿ ಒಣಗಿಹೋದ ಎಳೆಸಸಿಗಳ ಬುಡಗಳಿದ್ದವು. ಅಂದರೆ ಇಲ್ಲೂ ಬೀಜ ಬಿದ್ದಿತ್ತು, ಮೊಳಕೆ ಬಂದಿತ್ತು. ಆಮೇಲೆ ಹೊಲದ ಒಡೆಯನೇ ಬಂದು ಈ ಗೆರೆಯುದ್ದಕ್ಕೂ ಬೆಳೆ ತೆಗೆದು, ಎಲ್ಲಿಂದಲೋ ಬಂದು ಎಲ್ಲಿಗೋ ಹೋಗುವ ನನ್ನಂಥ ಅಪರಿಚಿತರಿಗೆ ಜಾಗ ಬಿಟ್ಟಿದ್ದಾನೆ.

ಅವನು ಉದಾರಿಯೋ ಏನೋ ನನಗೆ ತಿಳಿಯದು. ದಾರಿ ಬಿಡಲೇಬೇಕೆಂದು ಕಾನೂನಿದೆ. ಇಂಗ್ಲೆಂಡಿನ ಈ ಸೀಮೆಯ ಊರುಗಳ ಬಗ್ಗೆ ಯಾರು ಕೇಳಿದರೂ ಜೇನುಬಣ್ಣದ ಕಲ್ಲುಮನೆಗಳ, ಕುರಿಮರಿಗಳ, ಹೂದೋಟಗಳ ಮಾತು ಬರುತ್ತದೆ. ಅವೆಲ್ಲ ಚಂದವೇ. ಆದರೆ ಒಂದು ಇಡೀ ದಿನದ ನಡಿಗೆಯಲ್ಲಿ ನನ್ನನ್ನು ಮತ್ತೆ ಮತ್ತೆ ಹಿಡಿದು ನಿಲ್ಲಿಸಿದ್ದು ಈ ಒಂದು ಮೀಟರ್ ಅಗಲದ ಬರಿನೆಲ.

ಇದು ಗ್ಲಾಸ್ಟರ್‌ಶೈರ್ ಸೀಮೆ. ಕಾಟ್ಸ್‌ವೋಲ್ಡ್ ಎಂಬ ಸುಣ್ಣಕಲ್ಲಿನ ಗುಡ್ಡಸಾಲಿನ ಉತ್ತರದ ತುದಿ. ಇಲ್ಲಿ ಮೋರ್ಟನ್-ಇನ್-ಮಾರ್ಷ್ ಮತ್ತು ಚಿಪ್ಪಿಂಗ್ ಕ್ಯಾಂಪ್ಡನ್ ಎಂಬ ಎರಡು ಸಣ್ಣ ಪೇಟೆಗಳಿವೆ. ನಡುವೆ ಬ್ಯಾಟ್ಸ್‌ಫರ್ಡ್, ಬ್ಲಾಕ್ಲಿ, ಬ್ರಾಡ್ ಕ್ಯಾಂಪ್ಡನ್ ಎಂಬ ಹಳ್ಳಿಗಳು. ಹೊಲ, ಕಾಡು, ಗುಡ್ಡ ಹಾದು ಹನ್ನೆರಡು ಕಿಲೋಮೀಟರಿನ ಆಸುಪಾಸು. ಆಕ್ಸ್‌ಫರ್ಡ್‌ನಲ್ಲಿ ರೈಲು ಹತ್ತಿದರೆ ಮೋರ್ಟನ್‌ನಲ್ಲಿ ಇಳಿಯಬಹುದು. 1853ರಿಂದ ಅಲ್ಲಿ ರೈಲು ನಿಲ್ಲುತ್ತಿದೆ. ಮೇ ತಿಂಗಳ ಮೊದಲ ವಾರ ನಾನು ಇಳಿದಾಗ ಪ್ಲಾಟ್‌ಫಾರ್ಮಿನಲ್ಲಿ ಇನ್ನೂ ಚಳಿ ಕೂತಿತ್ತು.

ಮೋರ್ಟನ್‌ನ ದೊಡ್ಡ ಬೀದಿ ಎರಡು ಸಾವಿರ ವರ್ಷದ ಹಿಂದೆ ರೋಮನ್ನರು ಹಾಕಿದ ಫಾಸ್ ವೇ ಎಂಬ ಹೆದ್ದಾರಿಯ ಒಂದು ತುಂಡು. ಇಂದಿಗೂ ಲಾರಿಗಳು ಅದರ ಮೇಲೇ ಓಡುತ್ತವೆ. ಮಂಗಳವಾರ ಅದೇ ಬೀದಿಯಲ್ಲಿ ಸಂತೆ. ಬೀದಿಯ ಮೂಲೆಯೊಂದರಲ್ಲಿ ಹದಿನಾರನೇ ಶತಮಾನದ ಸಣ್ಣ ಕಲ್ಲಿನ ಗೋಪುರವಿದೆ, ಅದರಲ್ಲಿ 1633ನೇ ಇಸವಿಯ ಗಂಟೆ. ಮಂಜಿನಲ್ಲಿ ದಾರಿ ತಪ್ಪಿದ್ದ ಒಬ್ಬ ಸಾಹುಕಾರ ಈ ಗಂಟೆಯ ಸದ್ದು ಹಿಡಿದುಕೊಂಡು ಊರು ಸೇರಿದನಂತೆ. ಆ ಋಣಕ್ಕೆ, ಇನ್ನು ಮುಂದೆಯೂ ಗಂಟೆ ಬಾರಿಸುತ್ತಿರಿ ಎಂದು ದುಡ್ಡು ಕೊಟ್ಟನಂತೆ. ನಡೆದುಹೋಗುವವರ ಊರು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಗುರುತು ಬೇಕಿಲ್ಲ.

ಇನ್ನೊಂದು ಪೇಟೆಯ ಹೆಸರಿನ ಅರ್ಥ ಗೊತ್ತಾದಾಗ ನನಗೆ ತವರಿನವರು ಸಿಕ್ಕಷ್ಟು ಖುಷಿಯಾಯಿತು. ಹಳೆಯ ಇಂಗ್ಲಿಷಿನಲ್ಲಿ ಚಿಪ್ಪಿಂಗ್ ಎಂದರೆ ಸಂತೆ. ನಮ್ಮ ಸಂತೇಬೆನ್ನೂರು, ಸಂತೇಮರಹಳ್ಳಿಗಳ ಹಾಗೆ ಇದು ಸಂತೆ ಕ್ಯಾಂಪ್ಡನ್. ಸಂತೆ ಇದ್ದ ಮೇಲೆ ಸುತ್ತಲ ಹಳ್ಳಿಗಳಿಂದ ಜನ ನಡೆದು ಬರಬೇಕು, ಕುರಿ ಹೊಡೆದುಕೊಂಡು ಬರಬೇಕು, ಮೊಟ್ಟೆ ಬೆಣ್ಣೆ ಹೊತ್ತು ತರಬೇಕು. ಚರ್ಚಿಗೆ ಹೋಗಬೇಕು, ಗಿರಣಿಗೆ ಹೋಗಬೇಕು, ಹೆಣವನ್ನು ಸ್ಮಶಾನಕ್ಕೆ ಒಯ್ಯಬೇಕು. ಈ ಸೀಮೆಯ ಕಾಲುದಾರಿಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಇಂಥ ಅಗತ್ಯಗಳಿಂದ. ವಿಹಾರಕ್ಕೆಂದು ಯಾರೂ ಅವನ್ನು ಮಾಡಲಿಲ್ಲ.

ಪೇಟೆ ದಾಟುತ್ತಿದ್ದಂತೆ ಮರದ ಕಂಬಕ್ಕೆ ಬಡಿದ ಹಳದಿ ಬಾಣ ಕಾಣುತ್ತದೆ. ಹಳದಿ ಎಂದರೆ ನಡೆಯುವವರಿಗೆ ಮಾತ್ರ. ನೀಲಿ ಬಾಣವಿದ್ದರೆ ಕುದುರೆ, ಸೈಕಲ್ಲುಗಳಿಗೂ ಉಂಟು. ಕೈಯಲ್ಲಿ ಅಲ್ಲಿನ ಸರ್ಕಾರಿ ಭೂಮಾಪನ ಸಂಸ್ಥೆ ಆರ್ಡ್ನೆನ್ಸ್ ಸರ್ವೆಯ ನಕಾಶೆ ಇತ್ತು: ನೆಲದ ಮೇಲಿನ ಒಂದು ಕಿಲೋಮೀಟರಿಗೆ ಕಾಗದದ ಮೇಲೆ ನಾಲ್ಕು ಸೆಂಟಿಮೀಟರ್. ಪ್ರತಿ ಹೊಲದ ಬೇಲಿಯೂ ಅದರಲ್ಲಿದೆ. ಸಾರ್ವಜನಿಕರಿಗೆ ಹಕ್ಕಿರುವ ಪ್ರತಿ ದಾರಿಯೂ ಹಸಿರು ತುಂಡುಗೆರೆಯಾಗಿ ಇದೆ. ನಕಾಶೆಯ ಹಸಿರು ಗೆರೆ ಬೇಲಿಯನ್ನು ಎಲ್ಲಿ ದಾಟುತ್ತದೋ ನೆಲದ ಮೇಲೆ ಅಲ್ಲೇ ಒಂದು ತಡಮೆ ಇರುತ್ತದೆ.

ತಡಮೆ ಎಂಬ ಮಾತನ್ನು ಮಲೆನಾಡಿನವರಿಗೆ, ಕರಾವಳಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮನುಷ್ಯರು ಹತ್ತಿ ಇಳಿಯಬಹುದು, ದನ ದಾಟಲಾರದು. ಅದೇ ಇದು. ಎರಡು ಕಂಬ, ನಡುವೆ ಅಡ್ಡಪಟ್ಟಿ, ಕಾಲಿಡಲು ಒಂದು ಹಲಗೆ. ನೂರಾರು ಅಂಗೈಗಳು ಹಿಡಿದು ಹಿಡಿದು ಕಂಬದ ತಲೆ ಬೆಣ್ಣೆಯಂತೆ ನುಣುಪಾಗಿದೆ. ಕೆಲವೆಡೆ ತಡಮೆಯ ಬದಲು ಅರ್ಧಚಂದ್ರದ ಗೂಡಿನೊಳಗೆ ಅತ್ತಿತ್ತ ತೂಗುವ ಗೇಟು. ಗೂಡಿಗೆ ಹೊಕ್ಕು, ಗೇಟನ್ನು ಪಕ್ಕಕ್ಕೆ ತೂಗಿ, ಆಚೆ ಇಳಿಯಬೇಕು. ಎರಡು ಕಡೆಯ ಕಂಬವನ್ನೂ ಮುಟ್ಟಿ ಮುಟ್ಟಿ ಬರುವುದರಿಂದ ಅದಕ್ಕೆ ಕಿಸ್ಸಿಂಗ್ ಗೇಟ್ ಎಂದು ಹೆಸರು. ಮೊದಲ ತಡಮೆ ಹತ್ತುವಾಗ ನನ್ನ ಬಲಗಾಲು ತಾನಾಗಿ ಮೇಲೆದ್ದಿತು. ನಲವತ್ತು ವರ್ಷದ ಹಿಂದೆ ಶಾಲೆಗೆ ಹೋಗುವಾಗ ದಿನಕ್ಕೆ ಎರಡು ಸಲ ಹೀಗೆ ಹತ್ತಿ ಇಳಿಯುತ್ತಿದ್ದ ಕಾಲು ಅದು.

ತಡಮೆಯ ಆಚೆ ಹುಲ್ಲುಗಾವಲು. ನೆಲ ಸಮವಾಗಿಲ್ಲ. ಸಮುದ್ರದ ತೆರೆ ಹೆಪ್ಪುಗಟ್ಟಿ ಮೇಲೆ ಹುಲ್ಲು ಬೆಳೆದ ಹಾಗೆ ದಿಣ್ಣೆ-ತಗ್ಗು, ದಿಣ್ಣೆ-ತಗ್ಗು, ಸಾಲಾಗಿ. ಅಡ್ಡಲಾಗಿ ನಡೆದರೆ ದೋಣಿಯಲ್ಲಿ ಹೋದಂತಿರುತ್ತದೆ. ಇದು ಮಧ್ಯಯುಗದ ಉಳುಮೆಯ ಗುರುತು. ಆಗ ಊರಿಗೆಲ್ಲ ಸೇರಿ ದೊಡ್ಡ ಬಯಲು ಹೊಲಗಳಿದ್ದವು, ಬೇಲಿ ಇರಲಿಲ್ಲ. ಒಬ್ಬೊಬ್ಬ ರೈತನಿಗೆ ಅಲ್ಲೊಂದು ಇಲ್ಲೊಂದು ಉದ್ದನೆಯ ಪಟ್ಟಿ. ವರ್ಷ ವರ್ಷವೂ ನೇಗಿಲು ಮಣ್ಣನ್ನು ಪಟ್ಟಿಯ ನಡುವಿಗೇ ಮಗುಚುತ್ತ ಹೋದದ್ದರಿಂದ ನಡು ಉಬ್ಬಿತು, ಅಂಚು ತಗ್ಗಾಯಿತು. ತಗ್ಗಿನುದ್ದಕ್ಕೆ ಕಣ್ಣು ಹಾಯಿಸಿದರೆ ತುದಿಯಲ್ಲಿ ಅದು ಮೆಲ್ಲಗೆ ಒಂದು ಕಡೆಗೆ ಬಾಗುವುದು ಕಾಣುತ್ತದೆ. ಜೋಡಿ ಜೋಡಿ ಎತ್ತು ಕಟ್ಟಿದ ಉದ್ದನೆಯ ಸಾಲು ಹೊಲದ ತುದಿಯಲ್ಲಿ ತಿರುಗಬೇಕಾದರೆ ಅಷ್ಟು ದೂರದಿಂದಲೇ ಓರೆ ಹಿಡಿಯಬೇಕಿತ್ತು. ಆ ಎತ್ತುಗಳು ತಿರುಗಿದ ಬಾಗು ನೆಲದಲ್ಲಿ ಹಾಗೇ ಉಳಿದಿದೆ. ಕುರಿಯೊಂದು ತಗ್ಗಿನಲ್ಲಿ ಗಾಳಿಗೆ ಮರೆಯಾಗಿ ಮಲಗಿತ್ತು, ಪಕ್ಕದಲ್ಲಿ ಕಪ್ಪು ಮೋರೆಯ ಎರಡು ಮರಿ.

ಈ ದಿಣ್ಣೆಗಳು ಉಳಿದದ್ದೇಕೆ? ಉಳುವುದು ನಿಂತು ಕುರಿ ಬಂದದ್ದರಿಂದ. ಉಣ್ಣೆಗೆ ಬೆಲೆ ಬಂದಾಗ ಎಷ್ಟೋ ಕಡೆ ಹೊಲಗಳು ಹುಲ್ಲುಗಾವಲಾದವು. ಮುಂದೆ ಬೇಲಿಯೂ ಬಂತು. 1604ರಿಂದ 1914ರವರೆಗೆ ಇಂಗ್ಲೆಂಡಿನ ಪಾರ್ಲಿಮೆಂಟು ಐದು ಸಾವಿರಕ್ಕೂ ಹೆಚ್ಚು ಕಾಯ್ದೆಗಳನ್ನು ಒಂದೊಂದಾಗಿ ಮಾಡಿ, ಊರೊಟ್ಟಿನ ಬಯಲುಗಳನ್ನೂ ಗೋಮಾಳಗಳನ್ನೂ ತುಂಡರಿಸಿ ಖಾಸಗಿ ಆಸ್ತಿ ಮಾಡಿತು. ಸುಮಾರು 68 ಲಕ್ಷ ಎಕರೆ. ದನ ಮೇಯಿಸುವ, ಸೌದೆ ಆಯುವ ಹಕ್ಕಿದ್ದ ಬಡವರು ಬೇಲಿಯ ಆಚೆ ನಿಂತರು. ಇವತ್ತು ಪಿಕ್ಚರ್ ಪೋಸ್ಟ್‌ಕಾರ್ಡಿನಲ್ಲಿ ಅಷ್ಟು ಮುದ್ದಾಗಿ ಕಾಣುವ ಚೌಕ ಚೌಕದ ಹೊಲ, ಬಿಳಿಹೂವಿನ ಮುಳ್ಳುಬೇಲಿ, ಗಾರೆಯಿಲ್ಲದೆ ಪೇರಿಸಿದ ಕಲ್ಲುಗೋಡೆ ಎಲ್ಲದರ ಹಿಂದೆ ಈ ಕಳಕೊಂಡವರ ಕತೆಯಿದೆ. ಅದನ್ನು ಮರೆತು ಈ ಭೂದೃಶ್ಯವನ್ನು ಹೊಗಳುವುದು ನನಗೆ ಸರಿ ಕಾಣುವುದಿಲ್ಲ.

ಎಲ್ಲ ಹೋದಮೇಲೂ ಉಳಿದದ್ದು ದಾರಿ. ನೆಲ ಒಬ್ಬನದು, ಅದರ ಮೇಲೆ ಹಾದುಹೋಗುವ ಹಕ್ಕು ಎಲ್ಲರದು ಎಂಬ ತತ್ವ ಅಲ್ಲಿನ ಕಾನೂನಿನಲ್ಲಿ ಬಹಳ ಹಳೆಯದು. ಒಮ್ಮೆ ಸಾರ್ವಜನಿಕ ದಾರಿಯಾದದ್ದು, ಕಾನೂನುಬದ್ಧವಾಗಿ ಮುಚ್ಚುವವರೆಗೂ ಸಾರ್ವಜನಿಕ ದಾರಿಯೇ. ಹೊಲ ಹತ್ತು ಕೈ ಬದಲಾದರೂ ದಾರಿಯ ಹಕ್ಕು ಅಳಿಯುವುದಿಲ್ಲ. ಇಪ್ಪತ್ತು ವರ್ಷ ಜನ ಯಾರ ಅಪ್ಪಣೆಯನ್ನೂ ಕೇಳದೆ, ಯಾರಿಗೂ ಅಂಜದೆ, ಅಡೆತಡೆಯಿಲ್ಲದೆ ಒಂದು ದಾರಿಯಲ್ಲಿ ನಡೆದಿದ್ದರೆ, ಅದನ್ನು ಸಾರ್ವಜನಿಕರಿಗೆ ಬಿಟ್ಟುಕೊಟ್ಟಂತೆ ಎಂದು ಈಗಿನ 1980ರ ಹೆದ್ದಾರಿ ಕಾಯ್ದೆಯೂ ಹೇಳುತ್ತದೆ. ಅಲ್ಲಗಳೆಯಬೇಕಾದರೆ ಒಡೆಯನೇ ತನಗೆ ಆ ಉದ್ದೇಶವಿರಲಿಲ್ಲವೆಂದು ಸಾಬೀತುಮಾಡಬೇಕು.

ತತ್ವವಿದ್ದರೂ ಕಾಗದದಲ್ಲಿ ದಾಖಲೆಯಿರಲಿಲ್ಲ. ಬೇಟೆಗಾಗಿ ಸಾವಿರಾರು ಎಕರೆ ಬೀಡುಭೂಮಿಯನ್ನು ಕಾವಲಿಟ್ಟು ಮುಚ್ಚಿದ್ದ ಜಮೀನ್ದಾರರ ಎದುರು ಕಾರ್ಖಾನೆ ಊರುಗಳ ಜನ ನಿಂತರು. 1932ರ ಏಪ್ರಿಲ್ 24ರಂದು ಡರ್ಬಿಶೈರ್‌ನ ಕಿಂಡರ್ ಸ್ಕೌಟ್ ಎಂಬ ಗುಡ್ಡಕ್ಕೆ ನೂರಾರು ಮಂದಿ ಒಟ್ಟಾಗಿ ಅತಿಕ್ರಮಣ ಮಾಡಿ ಹತ್ತಿದರು. ಮುಂದಾಳು ಬೆನ್ನಿ ರಾಥ್‌ಮನ್‌ಗೆ ಆಗ ಇಪ್ಪತ್ತು ವರ್ಷ. ಗುಡ್ಡ ಹತ್ತಿದ ದಿನದ ಗಲಾಟೆಗಾಗಿ ಐವರು ಜೈಲಿಗೆ ಹೋದರು. 1949ರಲ್ಲಿ ರಾಷ್ಟ್ರೀಯ ಉದ್ಯಾನಗಳ ಮತ್ತು ಗ್ರಾಮಾಂತರ ಪ್ರವೇಶದ ಕಾಯ್ದೆ ಬಂದಾಗ, ಪ್ರತಿ ಕೌಂಟಿಯೂ ತನ್ನ ಸಾರ್ವಜನಿಕ ದಾರಿಗಳನ್ನೆಲ್ಲ ಅಧಿಕೃತ ನಕಾಶೆಯಲ್ಲಿ ಬರೆಯಬೇಕೆಂದು ವಿಧಿಸಿತು. ಆ ಕೆಲಸ ಹೇಗೆ ನಡೆಯಿತೆಂಬುದೇ ನನಗೆ ಎಲ್ಲಕ್ಕಿಂತ ಇಷ್ಟವಾದ ಸಂಗತಿ. ಹಳ್ಳಿಹಳ್ಳಿಯ ಪಂಚಾಯ್ತಿಗಳಿಗೆ ನಕಾಶೆ ಕೊಟ್ಟು, ನಿಮ್ಮ ದಾರಿಗಳನ್ನು ನೀವೇ ನಡೆದು ಬರೆದುಕೊಡಿ ಎಂದರು. ಊರಿನ ಮೇಷ್ಟರೋ ರೈತನೋ ಮುದುಕಿಯೋ ಒಂದೊಂದು ದಾರಿಯನ್ನೂ ನಡೆದು, ಇಲ್ಲಿ ತಡಮೆ ಉಂಟು, ಇಲ್ಲಿ ಕಾಲುಸಂಕ ಉಂಟು, ಈ ದಾರಿಯಲ್ಲಿ ನಮ್ಮ ಅಜ್ಜನ ಕಾಲದಿಂದ ಚರ್ಚಿಗೆ ಹೋಗುತ್ತೇವೆ ಎಂದು ಚೀಟಿ ಬರೆದರು. ಆ ಚೀಟಿಗಳೇ ಇವತ್ತು ಕೋರ್ಟಿನಲ್ಲಿ ನಿಲ್ಲುವ ನಕಾಶೆಗೆ ಬುಡ. ಇಂಗ್ಲೆಂಡ್ ಮತ್ತು ವೇಲ್ಸ್ ಸೇರಿ ಇಂಥ ದಾರಿಗಳ ಉದ್ದ ಸುಮಾರು 2,25,000 ಕಿಲೋಮೀಟರ್.

ಚೀಟಿ ಬರೆಯದೆ ಬಿಟ್ಟ ದಾರಿಗಳೂ ಇವೆ. ಕೆಲವು ಪಂಚಾಯ್ತಿಗಳು ಶ್ರದ್ಧೆಯಿಂದ ನಡೆದವು, ಕೆಲವು ನಡೆಯಲಿಲ್ಲ. ಕೆಲವೆಡೆ ಪಂಚಾಯ್ತಿಯಲ್ಲಿ ಕೂತವರೇ ಜಮೀನಿನ ಒಡೆಯರು. ನಡಿಗೆಯವರ ಸಂಘವಾದ ರ‍್ಯಾಂಬ್ಲರ್ಸ್‌ನ ಸ್ವಯಂಸೇವಕರು ಹಳೆಯ ನಕಾಶೆಗಳನ್ನು ಹೊಸದಕ್ಕೆ ಹೋಲಿಸಿ ನೋಡಿ, ಲೆಕ್ಕಕ್ಕೆ ಸೇರದೆ ಉಳಿದಿರಬಹುದಾದ 49,000 ಮೈಲಿ ದಾರಿಗಳನ್ನು 2020ರಲ್ಲಿ ಗುರುತಿಸಿದರು. ಇವನ್ನು ಸೇರಿಸಲು 2026ರ ಜನವರಿ 1 ಕೊನೆಯ ದಿನವೆಂದು 2000ನೇ ಇಸವಿಯ ಕಾಯ್ದೆ ಗಡುವು ಹಾಕಿತ್ತು. ಅದನ್ನು 2031ಕ್ಕೆ ತಳ್ಳಿದರು. 2024ರ ಕೊನೆಯಲ್ಲಿ ಗಡುವನ್ನೇ ತೆಗೆದುಹಾಕುವುದಾಗಿ ಸರ್ಕಾರ ಹೇಳಿತು. ಹೀಗೆ ಅಲ್ಲೂ ದಾರಿಯೆಂಬುದು ಗೆದ್ದು ಮುಗಿಸಿದ ಯುದ್ಧವಲ್ಲ.

ಹಳದಿ ಹೊಲದ ಆ ಪಟ್ಟಿಗೆ ಮರಳಿ ಬರುತ್ತೇನೆ. ಹೊಲದ ನಡುವೆ ಹಾಯುವ ಕಾಲುದಾರಿಯನ್ನು ಉಳಲು ರೈತನಿಗೆ ಅವಕಾಶವಿದೆ. ಆದರೆ ಬಿತ್ತನೆಗೆಂದು ಮೊದಲು ನೆಲ ಕೆದಕಿದ 14 ದಿನದೊಳಗೆ ಅದನ್ನು ತುಳಿಯುವ ಹದಕ್ಕೆ ತರಬೇಕು. ಅದೇ ಬೆಳೆಗೆ ಆಮೇಲೆ ಮತ್ತೆ ಕೆದಕಿದರೆ 24 ಗಂಟೆಯೊಳಗೆ. ಕನಿಷ್ಠ ಒಂದು ಮೀಟರ್ ಅಗಲ. ಬೆಳೆದ ಪೈರು ದಾರಿಯ ಮೇಲೆ ಬಾಗಬಾರದು. ಹೊಲದ ಅಂಚಿನ ದಾರಿಯನ್ನಾದರೆ ಉಳುವ ಹಾಗೇ ಇಲ್ಲ. ಹತ್ತು ತಿಂಗಳು ದಾಟಿದ ಹಾಲುತಳಿಯ ಹೋರಿಯನ್ನು ದಾರಿಯಿರುವ ಹೊಲದಲ್ಲಿ ಬಿಡಬಾರದು. ಬೇರೆ ತಳಿಯ ಹೋರಿಯಾದರೆ ಜೊತೆಗೆ ಹಸು-ಕಡಸುಗಳಿರಬೇಕು. ತಡಮೆ, ಗೇಟುಗಳನ್ನು ಒಡೆಯನೇ ಸುಸ್ಥಿತಿಯಲ್ಲಿಡಬೇಕು. ಖರ್ಚಿನ ಕಾಲುಭಾಗವನ್ನಾದರೂ ಸ್ಥಳೀಯ ಆಡಳಿತ ಕೊಡುತ್ತದೆ. ನಡೆಯುವವನ ಕರ್ತವ್ಯವೂ ಇಷ್ಟೇ ಸ್ಪಷ್ಟ: ದಾರಿ ಬಿಟ್ಟು ಬೆಳೆಗೆ ಇಳಿಯಬಾರದು, ಗೇಟು ಹೇಗಿತ್ತೋ ಹಾಗೇ ಬಿಡಬೇಕು, ಕುರಿಗಳಿರುವಲ್ಲಿ ನಾಯಿಗೆ ಹಗ್ಗವಿರಬೇಕು.

ಇದನ್ನೆಲ್ಲ ಇಷ್ಟು ವಿವರವಾಗಿ ಬರೆಯಲು ನನಗೆ ಕಾರಣವಿದೆ. ನಮ್ಮೂರಿನಲ್ಲಿ ನಾನು ಶಾಲೆಗೆ ಹೋಗುತ್ತಿದ್ದ ದಾರಿ ಅಡಿಕೆ ತೋಟದ ಅಂಚಿನಲ್ಲಿತ್ತು. ಎರಡು ತಡಮೆ, ಒಂದು ಕಾಲುಸಂಕ, ಹದಿನೈದು ನಿಮಿಷ. ತೋಟ ಕೈಬದಲಾಯಿತು. ಒಂದು ಬೇಸಿಗೆಯಲ್ಲಿ ಹೋದಾಗ ತಡಮೆಯ ಜಾಗದಲ್ಲಿ ಐದು ಸಾಲು ಮುಳ್ಳುತಂತಿ. ಊರಿನವರು ಕೇಳಿದರು, ಬೇಸರ ಮಾಡಿಕೊಂಡರು, ಆಮೇಲೆ ಸುಮ್ಮನಾದರು. ಈಗ ಮಕ್ಕಳು ಟಾರು ರಸ್ತೆಯಲ್ಲಿ ಸುತ್ತಿ ಹೋಗುತ್ತಾರೆ. ಮುದುಕರು ದೇವಸ್ಥಾನಕ್ಕೆ ಹೋಗುವುದನ್ನೇ ಬಿಟ್ಟಿದ್ದಾರೆ. ನಮ್ಮಲ್ಲಿ ಕಾನೂನು ಇಲ್ಲವೆಂದಲ್ಲ. ನಮ್ಮ ಗ್ರಾಮ ನಕಾಶೆಗಳಲ್ಲಿ ಕಾಲುದಾರಿ, ಬಂಡಿದಾರಿಗಳನ್ನು ಚುಕ್ಕಿಗೆರೆಗಳಾಗಿ ಬರೆದಿದ್ದಾರೆ. ‘ನಕಾಶೆ ಕಂಡ ದಾರಿ’ ಎಂಬ ಮಾತು ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಿದ ರೈತರಿಗೆಲ್ಲ ಗೊತ್ತು. 1882ರ ಭಾರತೀಯ ಈಸ್‌ಮೆಂಟ್ ಕಾಯ್ದೆಯೂ ಇಂಗ್ಲಿಷ್ ಕಾನೂನಿನಿಂದಲೇ ಬಂದ ‘ಇಪ್ಪತ್ತು ವರ್ಷ’ದ ಮಾತನ್ನು ಆಡುತ್ತದೆ. ಆದರೆ ಅದು ಮುಖ್ಯವಾಗಿ ಒಂದು ಜಮೀನಿನವನಿಗೆ ಪಕ್ಕದ ಜಮೀನಿನ ಮೇಲಿರುವ ಹಕ್ಕಿನ ಮಾತು. ಜಮೀನೇ ಇಲ್ಲದವನು, ಊರಿನವನೇ ಅಲ್ಲದವನು ಹೊಲ ದಾಟಿ ಹೋಗುವ ಹಕ್ಕನ್ನು ಗೆರೆ ಗೆರೆಯಾಗಿ ಅಚ್ಚುಹಾಕಿ, ಪುಸ್ತಕದಂಗಡಿಯಲ್ಲಿ ಮಾರುವ ನಕಾಶೆ ನನ್ನ ಕೈಯಲ್ಲಿತ್ತು. ಅದನ್ನು ಮಡಿಚುವಾಗ ಹೊಟ್ಟೆಕಿಚ್ಚಾಯಿತೆಂದು ಹೇಳಲು ಸಂಕೋಚವಿಲ್ಲ.

ಬ್ಯಾಟ್ಸ್‌ಫರ್ಡ್ ಬೇಗ ಮುಗಿಯುತ್ತದೆ. ಜಪಾನಿನಲ್ಲಿ ರಾಯಭಾರ ಕಚೇರಿಯಲ್ಲಿದ್ದು ಬಂದ ಮಿಟ್‌ಫರ್ಡ್ ಎಂಬ ಸಿರಿವಂತ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಇಲ್ಲಿ ಬಿದಿರು, ಮೇಪಲ್ ಮರಗಳನ್ನು ನೆಟ್ಟು ತೋಟ ಮಾಡಿದ. ತೋಟ ನೋಡಲು ಟಿಕೆಟ್ ಬೇಕು, ಕಾಲುದಾರಿಗೆ ಬೇಡ. ಇದೇ ಸೀಮೆಯ ಇನ್ನೊಂದು ಬಂಗಲೆಯ ಮಾತನ್ನು ಹೇಳದೆ ಮುಂದೆ ಹೋಗಲಾರೆ. ಮೋರ್ಟನ್‌ನಿಂದ ನೈರುತ್ಯಕ್ಕಿರುವ ಸೆಝಿನ್‌ಕೋಟ್, ಈಸ್ಟ್ ಇಂಡಿಯಾ ಕಂಪನಿಯಲ್ಲಿ ದುಡಿದು ಹಣ ಮಾಡಿದ ಚಾರ್ಲ್ಸ್ ಕಾಕರೆಲ್‌ಗಾಗಿ 1805ರ ಸುಮಾರಿಗೆ ಕಟ್ಟಿದ ಮೊಗಲ್ ಶೈಲಿಯ ಮನೆ. ತೋಟದ ಯೋಜನೆಯಲ್ಲಿ ಕೈಯಿದ್ದದ್ದು ಚಿತ್ರಕಾರ ಥಾಮಸ್ ಡೇನಿಯಲ್‌ನದು. ಟಿಪ್ಪುವಿನೊಡನೆ ನಡೆದ ಮೂರನೇ ಮೈಸೂರು ಯುದ್ಧದ ಬೆನ್ನಿಗೇ, 1792ರಲ್ಲಿ, ದಕ್ಷಿಣ ಭಾರತ ಸುತ್ತಿ ಚಿತ್ರ ಬರೆದವನು. ಆ ತೋಟದ ಸೇತುವೆಯ ಮೇಲೆ ನಂದಿಗಳು ಮಲಗಿವೆ. ಆ ಬಂಗಲೆಯ ಹುಲ್ಲುಗಾವಲಿನ ನಡುವೆಯೂ ಒಂದು ಸಾರ್ವಜನಿಕ ಕಾಲುದಾರಿ ಹಾದುಹೋಗುತ್ತದೆ. ಅದಕ್ಕೆ ಬೇರೆಯೇ ದಿನ ಬೇಕು.

ಗುಡ್ಡ ಹತ್ತಿ ಮರಗಳ ನೆರಳಿನಿಂದ ಹೊರಬಂದರೆ ಬ್ಲಾಕ್ಲಿ. ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕೂತ ಹಳ್ಳಿ, ಕೆಳಗೆ ತೊರೆ. ಒಂದು ಗೋಡೆಗೆ ಒರಗಿ ನೀರು ಕುಡಿಯುವಾಗ ಕಲ್ಲನ್ನು ಹತ್ತಿರದಿಂದ ನೋಡಿದೆ. ದೂರಕ್ಕೆ ಜೇನಿನ ಬಣ್ಣ, ಹತ್ತಿರಕ್ಕೆ ಗಸಗಸೆ: ಸಣ್ಣ ಸಣ್ಣ ದುಂಡನೆಯ ಕಾಳುಗಳು ಒತ್ತಾಗಿ ಅಂಟಿಕೊಂಡಿವೆ. ಊಲೈಟ್ ಎಂದರೆ ಮೊಟ್ಟೆಕಲ್ಲು. ಹದಿನಾರು ಹದಿನೇಳು ಕೋಟಿ ವರ್ಷದ ಹಿಂದೆ ಇಲ್ಲಿ ಬೆಚ್ಚನೆಯ, ಆಳವಿಲ್ಲದ ಸಮುದ್ರವಿತ್ತು. ಚಿಪ್ಪಿನ ಚೂರೋ ಮರಳಿನ ಕಣವೋ ಅಲೆಗೆ ಹೊರಳಾಡುತ್ತ ಮೈಗೆ ಸುಣ್ಣ ಮೆತ್ತಿಕೊಂಡು ಕಾಳಾಯಿತು, ಕಾಳುಗಳು ಕಲ್ಲಾದವು. ಬೆರಳಿನಿಂದ ಉಜ್ಜಿದರೆ ಒಂದೆರಡು ಕಾಳು ಉದುರುತ್ತವೆ. ಚರ್ಚು, ಮನೆ, ಹಂದಿಗೂಡು, ಹೊಲದ ಗೋಡೆ ಎಲ್ಲವೂ ಇದೇ ಕಲ್ಲಿನದು.

ಆ ತೊರೆ ಬೇಸಿಗೆಯಲ್ಲೂ ಬತ್ತದ ಊಟೆಗಳಿಂದ ಹರಿಯುತ್ತದೆ. ಅದರ ಬಲದಿಂದ ಹದಿನೆಂಟನೇ ಶತಮಾನದಲ್ಲಿ ಇಲ್ಲಿ ರೇಷ್ಮೆ ಗಿರಣಿಗಳು ಶುರುವಾದವು. ನಮ್ಮ ರಾಮನಗರ, ಶಿಡ್ಲಘಟ್ಟದವರಿಗೆ ತಟ್ಟನೆ ಅರ್ಥವಾಗುವ ಕೆಲಸ: ಹೊರದೇಶದಿಂದ ಬಂದ ಕಚ್ಚಾ ರೇಷ್ಮೆಯನ್ನು ಹುರಿ ಮಾಡುವುದು. ಹುರಿ ಮಾಡಿದ ನೂಲು ಕವೆಂಟ್ರಿಗೆ ಹೋಗಿ ರಿಬ್ಬನ್ ಆಗುತ್ತಿತ್ತು. ಹತ್ತೊಂಬತ್ತನೇ ಶತಮಾನದಲ್ಲಿ ತೊರೆಯುದ್ದಕ್ಕೂ ಗಿರಣಿಗಳು, ನೂರಾರು ಕೆಲಸಗಾರರು. ಅವರಲ್ಲಿ ಹೆಂಗಸರು, ಮಕ್ಕಳು ಬಹಳ. ಸುತ್ತಲ ಹಳ್ಳಿಗಳಿಂದ ನಸುಕಿನಲ್ಲೇ ನಡೆದು ಬರುತ್ತಿದ್ದರು, ನಾನು ಆಗಷ್ಟೇ ಇಳಿದು ಬಂದಂಥ ದಾರಿಗಳಲ್ಲೇ. 1860ರಲ್ಲಿ ಫ್ರಾನ್ಸಿನೊಡನೆ ಆದ ವ್ಯಾಪಾರ ಒಪ್ಪಂದದಿಂದ ಫ್ರೆಂಚ್ ರೇಷ್ಮೆಯ ಮೇಲಿನ ಸುಂಕ ಹೋಯಿತು. ಕವೆಂಟ್ರಿಯ ನೇಕಾರರು ಕುಸಿದರು, ಅವರ ಹಿಂದೆ ಬ್ಲಾಕ್ಲಿಯೂ. ಗಿರಣಿಗಳು ಈಗ ಮನೆಗಳಾಗಿವೆ. ತೊರೆ ಅವುಗಳ ತೋಟದೊಳಗೆ ಹರಿಯುತ್ತದೆ. ಊರಿನ ಒಂದು ಹಿತ್ತಲಲ್ಲಿ 1855ರ ಕಲ್ಲೊಂದಿದೆ, ಕರೆದರೆ ಬರುತ್ತಿದ್ದ ಒಂದು ಸಾಕುಮೀನಿನ ನೆನಪಿಗೆ ನಿಲ್ಲಿಸಿದ್ದು.

ಬ್ಲಾಕ್ಲಿಯ ಆಚೆ ಏರು. ಏರಿನ ಮೇಲೆ ಗಾಳಿ, ಬಾನಾಡಿಗಳು, ಹಿಂದೆ ತಿರುಗಿದರೆ ನಡೆದು ಬಂದ ಕಣಿವೆಯಷ್ಟೂ. ಇಳಿದರೆ ಬ್ರಾಡ್ ಕ್ಯಾಂಪ್ಡನ್: ಹತ್ತಾರು ಮನೆ, 1663ರ ಕ್ವೇಕರ್ ಪ್ರಾರ್ಥನಾಮಂದಿರ, ಒಂದು ಪಬ್ಬು. ನಾನು ಈ ದಾರಿಯನ್ನು ಆರಿಸಿಕೊಂಡದ್ದಕ್ಕೆ ಇಲ್ಲಿನ ಇನ್ನೊಂದು ಮನೆ ಕಾರಣ. ಹೆಸರು ನಾರ್ಮನ್ ಚಾಪೆಲ್. ಹನ್ನೆರಡನೇ ಶತಮಾನದ ಪಾಳುಬಿದ್ದ ಚರ್ಚನ್ನು ಸಿ. ಆರ್. ಆ್ಯಷ್‌ಬಿ ಎಂಬ ವಾಸ್ತುಶಿಲ್ಪಿ 1905ರಿಂದ 1907ರೊಳಗೆ ಮನೆಯಾಗಿ ತಿದ್ದಿದ. ಆ ಮನೆಯಲ್ಲಿ ಬಂದು ನೆಲೆಸಿದವರು ಆನಂದ ಕುಮಾರಸ್ವಾಮಿ.

ಶಿವನ ನರ್ತನದ ಅರ್ಥವನ್ನು ಜಗತ್ತಿಗೆ ಹೇಳಿದವರೆಂದು ನಾವು ಓದಿದ ಅದೇ ಕುಮಾರಸ್ವಾಮಿ. 1877ರಲ್ಲಿ ಕೊಲಂಬೊದಲ್ಲಿ ಹುಟ್ಟಿದರು. ತಂದೆ ತಮಿಳರು, ತಾಯಿ ಇಂಗ್ಲಿಷಿನವರು. ಕಲಿತದ್ದು ಭೂವಿಜ್ಞಾನ. ಸಿಲೋನಿನ ಖನಿಜ ಸರ್ವೆಯ ಮುಖ್ಯಸ್ಥರಾಗಿ ಹಳ್ಳಿಹಳ್ಳಿ ಸುತ್ತುವಾಗ ಅಲ್ಲಿನ ಕಮ್ಮಾರ, ಕುಂಬಾರ, ನೇಕಾರರ ಕಸುಬು ಕಣ್ಣೆದುರೇ ಸಾಯುತ್ತಿರುವುದನ್ನು ಕಂಡರು. ಕಲ್ಲಿನ ಅಧ್ಯಯನಕ್ಕೆ ಹೋದವರು ಕೈಕಸುಬಿನ ವಕೀಲರಾಗಿ ಮರಳಿದರು. ಆ್ಯಷ್‌ಬಿಯ ಚಿಂತೆಯೂ ಅದೇ ಆಗಿತ್ತು. ಆತ 1888ರಲ್ಲಿ ಲಂಡನ್ನಿನ ಬಡವರ ಕೇರಿಯಲ್ಲಿ ಕುಶಲಕರ್ಮಿಗಳ ಗಿಲ್ಡ್ ಕಟ್ಟಿ, 1902ರಲ್ಲಿ ಅಕ್ಕಸಾಲಿಗರು, ಬಡಗಿಗಳು, ಕಮ್ಮಾರರು, ಅವರ ಹೆಂಡಿರುಮಕ್ಕಳು ಹೀಗೆ ಸುಮಾರು ನೂರೈವತ್ತು ಜನರನ್ನು ಕರೆದುಕೊಂಡು ಚಿಪ್ಪಿಂಗ್ ಕ್ಯಾಂಪ್ಡನ್‌ಗೆ ಬಂದಿದ್ದ. ಅವರು ಕೆಲಸಕ್ಕೆ ಕೂತದ್ದು ಕೂಡ ಒಂದು ಹಳೆಯ ರೇಷ್ಮೆ ಗಿರಣಿಯಲ್ಲೇ. ವಿಲಿಯಂ ಮೋರಿಸ್‌ನ ಕೆಲ್ಮ್‌ಸ್ಕಾಟ್ ಮುದ್ರಣಾಲಯ ಮುಚ್ಚಿದಾಗ ಅದರ ಕೈಯಂತ್ರ ಆ್ಯಷ್‌ಬಿಯ ಕೈಗೆ ಬಂದಿತ್ತು. ಅದು ಮುಂದೆ ಈ ನಾರ್ಮನ್ ಚಾಪೆಲ್‌ಗೆ ಬಂತು. ಅದರ ಮೇಲೆ ಕುಮಾರಸ್ವಾಮಿ ತಮ್ಮ ‘ಮಿಡೀವಲ್ ಸಿಂಹಳೀಸ್ ಆರ್ಟ್’ ಗ್ರಂಥವನ್ನು ಹದಿನೈದು ತಿಂಗಳು ಹಿಡಿದು ಅಚ್ಚುಹಾಕಿಸಿದರು. 1908ರ ಕೊನೆಗೆ ಮುಗಿಯಿತು. 425 ಪ್ರತಿ.

ಮನೆ ಖಾಸಗಿಯದು. ರಸ್ತೆಯಿಂದ ಮರಗಳ ನಡುವೆ ಕಲ್ಲಿನ ಗೋಡೆ, ಚೂಪು ಸೂರು ಕಂಡಷ್ಟೇ. ಅಲ್ಲೇ ಸ್ವಲ್ಪ ಹೊತ್ತು ನಿಂತೆ. ಗಿಲ್ಡ್ ವ್ಯಾಪಾರದಲ್ಲಿ ಸೋತು 1908ರ ಹೊತ್ತಿಗೆ ಮುಚ್ಚಿಹೋಯಿತು. ಕುಮಾರಸ್ವಾಮಿ ಮುಂದೆ ಬಾಸ್ಟನ್ನಿಗೆ ಹೋದರು. ಆದರೆ ಇಲ್ಲಿಂದ ಕ್ಯಾಂಪ್ಡನ್‌ನ ಗಿರಣಿಗೆ ಇಪ್ಪತ್ತು ನಿಮಿಷದ ಕಾಲುದಾರಿ. ಗೆಳೆಯರಿಬ್ಬರ ನಡುವೆ ಆ ದಿನಗಳಲ್ಲಿ ಅಚ್ಚಿನ ಹಾಳೆಗಳು, ಮಾತುಗಳು ಈ ಹೊಲ ದಾಟಿ ಹೋಗಿಬಂದಿರಲೇಬೇಕು ಎಂದುಕೊಂಡು ನಾನು ಆ ಕೊನೆಯ ಮೈಲಿಯನ್ನು ಬಹಳ ನಿಧಾನವಾಗಿ ನಡೆದೆ.

ಗಿರಣಿ ಈಗಲೂ ಇದೆ. ಅದರ ಮಹಡಿಯಲ್ಲಿ ಗಿಲ್ಡ್‌ನ ಕಾಲದ ಅಕ್ಕಸಾಲಿ ಮನೆತನದವರು ಬೆಳ್ಳಿ ಕೆಲಸವನ್ನು ಇನ್ನೂ ನಡೆಸಿಕೊಂಡು ಬಂದಿದ್ದಾರೆ. ಸೂರಿನಿಂದ ಹಳೆಯ ಬಿಲ್‌ಚೀಟಿಗಳ ಕಟ್ಟುಗಳು ಜೋತುಬಿದ್ದಿರುತ್ತವೆ.

ಕ್ಯಾಂಪ್ಡನ್‌ನ ದೊಡ್ಡ ಬೀದಿ ನದಿಯ ಹಾಗೆ ಮೆಲ್ಲಗೆ ಬಾಗುತ್ತದೆ. ನಡುವೆ 1627ರಲ್ಲಿ ಬ್ಯಾಪ್ಟಿಸ್ಟ್ ಹಿಕ್ಸ್ ಎಂಬ ಲಂಡನ್ ವರ್ತಕ ಕಟ್ಟಿಸಿಕೊಟ್ಟ ಸಂತೆಕಟ್ಟೆ. ಕಮಾನುಗಳ ಕೆಳಗೆ ಬೆಣ್ಣೆ, ಚೀಸು, ಕೋಳಿ ಮಾರುತ್ತಿದ್ದರು. ನೆಲದ ಕಲ್ಲುಗಳು ಸವೆದು ಬೋಗುಣಿಗಳಂತಾಗಿವೆ. ಮಳೆನೀರು ನಿಂತಿತ್ತು, ಗುಬ್ಬಿಯೊಂದು ಅದರಲ್ಲಿ ಮೀಯುತ್ತಿತ್ತು. ಆಚೆ 1380ರ ಸುಮಾರಿನ ಉಣ್ಣೆ ವ್ಯಾಪಾರಿ ವಿಲಿಯಂ ಗ್ರೆವೆಲ್‌ನ ಮನೆ. ಅವನ ಹಿತ್ತಾಳೆಯ ಸಮಾಧಿಫಲಕ ಚರ್ಚಿನ ನೆಲದಲ್ಲಿದೆ. ಸಂತೆಕಟ್ಟೆಯ ಬಳಿಯಿಂದಲೇ ಬಾತ್ ನಗರದವರೆಗೆ 164 ಕಿಲೋಮೀಟರಿನ ಕಾಟ್ಸ್‌ವೋಲ್ಡ್ ವೇ ಹೊರಡುತ್ತದೆ. ಬೆನ್ನಿಗೆ ದೊಡ್ಡ ಚೀಲ ಹಾಕಿಕೊಂಡ ಇಬ್ಬರು ವಯಸ್ಸಾದ ಹೆಂಗಸರು ಬೂಟಿನ ದಾರ ಬಿಗಿಯುತ್ತಿದ್ದರು.

ಈ ಊರಿನಿಂದ ನಡೆದುಹೋದ ಒಬ್ಬನ ಕತೆಯನ್ನು ಇಲ್ಲಿನವರು ಇನ್ನೂ ಮರೆತಿಲ್ಲ. 1660ರ ಆಗಸ್ಟ್ 16. ಜಮೀನ್ದಾರಿಣಿಯ ಪಾರುಪತ್ಯಗಾರ ವಿಲಿಯಂ ಹ್ಯಾರಿಸನ್, ಎಪ್ಪತ್ತರ ಮುದುಕ, ಗೇಣಿ ವಸೂಲಿಗೆಂದು ಎರಡು ಮೈಲಿ ಆಚೆಯ ಚಾರಿಂಗ್‌ವರ್ತ್‌ಗೆ ನಡೆದು ಹೊರಟ. ಮರಳಲಿಲ್ಲ. ದಾರಿಯಲ್ಲಿ ಅವನ ಹರಿದ ಟೋಪಿ, ಬಾಚಣಿಗೆ, ರಕ್ತದ ಕಲೆಯ ಕೊರಳಪಟ್ಟಿ ಸಿಕ್ಕವು. ಹುಡುಕಲು ಹೋಗಿದ್ದ ಆಳು ಜಾನ್ ಪೆರ‍್ರಿ, ತನ್ನ ತಾಯಿಯೂ ಸಹೋದರನೂ ಸೇರಿ ಕೊಂದರೆಂದು ಯಾಕೋ ಹೇಳಿಬಿಟ್ಟ. ಹೆಣ ಸಿಗದಿದ್ದರೂ 1661ರಲ್ಲಿ ಮೂವರನ್ನೂ ಗಲ್ಲಿಗೇರಿಸಿದರು. ಮರುವರ್ಷ ಹ್ಯಾರಿಸನ್ ಜೀವಂತವಾಗಿ ಊರಿಗೆ ಮರಳಿ ಬಂದ. ಯಾರೋ ಹಿಡಿದೊಯ್ದು ತುರ್ಕಿಯಲ್ಲಿ ಗುಲಾಮನಾಗಿ ಮಾರಿದ್ದರೆಂದ. ನಿಜವಾಗಿ ಏನಾಯಿತೆಂದು ಮುನ್ನೂರೈವತ್ತು ವರ್ಷ ಕಳೆದರೂ ಯಾರಿಗೂ ಬಿಡಿಸಲಾಗಿಲ್ಲ. ಆ ತಾಯಿಯ ಹೆಸರು ಜೋನ್. ಕತೆ ಹೇಳುವವರೆಲ್ಲ ಹ್ಯಾರಿಸನ್ನನ ಸೋಜಿಗವನ್ನೇ ಹೇಳುತ್ತಾರೆ. ನನಗೆ ಇವಳ ಹೆಸರೂ ನೆನಪಿರಲಿ ಎನಿಸಿತು.

ಸಂಜೆ ಮೋರ್ಟನ್‌ಗೆ ಬಸ್ಸಿನಲ್ಲಿ ಮರಳಿದೆ. ಇಡೀ ದಿನ ನಡೆದದ್ದು ಸ್ವಲ್ಪ ಹೊತ್ತಿನಲ್ಲಿ ಮುಗಿಯಿತು. ಪೇಟೆ ಹತ್ತಿರವಾದಾಗ ಕಿಟಕಿಯಾಚೆ ಹಳದಿ ಹೊಲ ಬಂತು. ರಸ್ತೆಯಿಂದ ನೋಡಿದರೆ ಅದರಲ್ಲಿ ದಾರಿಯಿದೆಯೆಂದೇ ತಿಳಿಯುವುದಿಲ್ಲ; ಈ ಅಂಚಿನಿಂದ ಆ ಅಂಚಿಗೆ ಹೂವೇ ಹೂವು. ಆ ಹೂವಿನ ನಡುವೆ ಒಂದು ಕೆಂಪು ಟೋಪಿ, ಅದರ ಹಿಂದೆ ಸ್ವಲ್ಪ ಕೆಳಗೆ ಮಗುವಿನದೊಂದು ಸಣ್ಣ ಟೋಪಿ, ತಡಮೆಯ ಕಡೆಗೆ ಮೆಲ್ಲಗೆ ಸರಿಯುತ್ತಿದ್ದವು.